ನೆಲದಾಳದ ಬಿಸಿ ಬಂಡೆಯೊಳಗಿಂದ ಮೇಲೇರುವ ಬಗೆ

ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ತಂದೆಯವರು ಹಟ್ಟಿ ಚಿನ್ನದ ಗಣಿಯಲ್ಲಿ ದುಡಿದವರು. ಕೆಳಗಿನ ಲೆವೆಲ್‌ಗಳಿಗೆ ಇಳಿದಂತೆಲ್ಲ ಸೆಕೆ ಹೆಚ್ಚುತ್ತಿತ್ತು ಎಂದು ಅವರು ಹೇಳುತ್ತಿದ್ದರು. ನಮ್ಮ ಹೊಲದ ಬೋರಿನ ನೀರೂ ಚಳಿಗಾಲದ ಬೆಳಿಗ್ಗೆ ಬೆಚ್ಚಗೆ ಬರುತ್ತದೆ. ಭೂಮಿಯೊಳಗಿನ ಬೆಂಕಿ ಬಂಡೆಯನ್ನು ದಾಟಿ ಮೇಲೆ ಬರುವುದರಿಂದಲೇ ನಮ್ಮ ಜಿಲ್ಲೆಯ ಬೇಸಿಗೆ ಇಷ್ಟು ಕಡು ಎಂದು ಊರಲ್ಲಿ ಅನೇಕರು ನಂಬಿದ್ದಾರೆ. ಇದು ನಿಜವೇ? ಗಟ್ಟಿ ಬಂಡೆಯೊಳಗೆ ಬಿಸಿ ಹೇಗೆ ಸಾಗುತ್ತದೆ?
– ಲಿಂಗಸುಗೂರು ತಾಲ್ಲೂಕಿನ ಓದುಗರು

ಉತ್ತರ: ತಮ್ಮ ತಂದೆಯವರ ಅನುಭವವೂ ಬೋರಿನ ನೀರಿನ ಸಂಗತಿಯೂ ನಿಜ, ಆದರೆ ಅವುಗಳಿಂದ ಊರಿನವರು ಕಟ್ಟಿಕೊಂಡಿರುವ ತೀರ್ಮಾನ ಸರಿಯಲ್ಲ. ರಾಯಚೂರಿನ ಬೇಸಿಗೆಯನ್ನು ಕಾಯಿಸುವುದು ಸೂರ್ಯನೇ. ನೆಲದಾಳದಿಂದ ಬರುವ ಬಿಸಿಯ ಪಾಲು ಅದರಲ್ಲಿ ಎಣಿಕೆಗೆ ಸಿಗದಷ್ಟು ಚಿಕ್ಕದು. ಅಷ್ಟೇ ಅಲ್ಲ, ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳು ನಿಂತಿರುವ ಧಾರವಾಡ ಶಿಲಾ ಪ್ರದೇಶವು ಆಳದ ಬಿಸಿಯ ದೃಷ್ಟಿಯಿಂದ ಜಗತ್ತಿನ ತಣ್ಣನೆಯ ನೆಲಗಳಲ್ಲಿ ಒಂದು.

ಮೊದಲು ಬಂಡೆಯೊಳಗಿನ ಸಾಗಾಟವನ್ನು ನೋಡೋಣ. ನೀರು ಮತ್ತು ಗಾಳಿ ಬಿಸಿಯಾದಾಗ ತಾವೇ ಚಲಿಸಿ ಬಿಸಿಯನ್ನು ಹೊತ್ತೊಯ್ಯುತ್ತವೆ. ಗಟ್ಟಿ ಬಂಡೆಗೆ ಆ ಸೌಲಭ್ಯವಿಲ್ಲ. ಬಂಡೆಯ ಖನಿಜ ಹರಳುಗಳಲ್ಲಿ ಪರಮಾಣುಗಳು ತಮ್ಮ ತಮ್ಮ ಸ್ಥಾನದಲ್ಲಿ ಬಿಗಿಯಾಗಿ ಬಂಧಿತವಾಗಿದ್ದು, ಕಂಪಿಸುವುದಷ್ಟೇ ಅವುಗಳಿಗೆ ಸಾಧ್ಯ. ಬಿಸಿಯಾದ ಭಾಗದ ಪರಮಾಣುಗಳು ಹೆಚ್ಚು ಬಿರುಸಾಗಿ ಕಂಪಿಸುತ್ತವೆ, ಆ ಕಂಪನ ಪಕ್ಕದ ಪರಮಾಣುಗಳಿಗೆ ದಾಟುತ್ತದೆ, ಅಲ್ಲಿಂದ ಮುಂದಕ್ಕೆ ಸಾಗುತ್ತದೆ. ವಸ್ತು ಕದಲದೆ ಶಕ್ತಿ ಮಾತ್ರ ಸಾಗುವ ಈ ಕ್ರಿಯೆಯೇ ಉಷ್ಣವಹನ. ಹರಳಿನ ಜೋಡಣೆ ಅಚ್ಚುಕಟ್ಟಾಗಿದ್ದಷ್ಟೂ ಕಂಪನ ಸಲೀಸಾಗಿ ದಾಟುವುದರಿಂದ ಬೆಣಚುಕಲ್ಲು ಬಿಸಿಯನ್ನು ಚೆನ್ನಾಗಿ ಸಾಗಿಸುತ್ತದೆ, ಫೆಲ್ಡ್‌ಸ್ಪಾರ್ ಅದಕ್ಕಿಂತ ಬಹಳ ಕಡಿಮೆ ಸಾಗಿಸುತ್ತದೆ, ಎರಡೂ ಸೇರಿರುವ ಗ್ರಾನೈಟ್ ನಡುವೆ ನಿಲ್ಲುತ್ತದೆ. ಅಂಕಿಯಲ್ಲಿ ಹೇಳುವುದಾದರೆ ಗ್ರಾನೈಟಿನ ಉಷ್ಣವಾಹಕತೆ ಮೀಟರಿಗೆ, ಡಿಗ್ರಿಗೆ ಸುಮಾರು 3 ವ್ಯಾಟ್. ತಾಮ್ರದ್ದು ಸುಮಾರು 400. ಒಣಗಿ ಬಿರುಕು ಬಿಟ್ಟ ಎರೆ ಮಣ್ಣು ಗ್ರಾನೈಟಿಗಿಂತಲೂ ಬಹಳ ಹಿಂದೆ, ಏಕೆಂದರೆ ಅದರ ಸಂದುಗಳಲ್ಲಿ ತುಂಬಿಕೊಂಡ ಗಾಳಿ ಬಿಸಿಯನ್ನು ಸಾಗಿಸಲು ತೀರ ಅಸಮರ್ಥ.

ಫ್ರಾನ್ಸಿನ ಗಣಿತಜ್ಞ ಜೋಸೆಫ್ ಫೂರಿಯೆ 1822ರಲ್ಲಿ ಪ್ರಕಟಿಸಿದ ನಿಯಮ ಈ ವಿಷಯಕ್ಕೆಲ್ಲ ಅಡಿಪಾಯ. ಬಿಸಿ ಎಷ್ಟು ಹರಿಯುತ್ತದೆ ಎಂಬುದು ಎರಡರ ಗುಣಲಬ್ಧ: ಆಳಕ್ಕೆ ಹೋದಂತೆ ಉಷ್ಣತೆ ಎಷ್ಟು ಬೇಗ ಏರುತ್ತದೆ ಎಂಬುದು ಒಂದು, ಆ ಬಂಡೆಯ ವಾಹಕತೆ ಇನ್ನೊಂದು. ಜಗತ್ತಿನ ಭೂಖಂಡಗಳಲ್ಲಿ ಸಾಮಾನ್ಯವಾಗಿ ಒಂದು ಕಿಲೋಮೀಟರ್ ಇಳಿದರೆ 25ರಿಂದ 30 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ನಮ್ಮ ಭಾಗದ ಹಳೆಯ ಗಟ್ಟಿ ಬಂಡೆಯಲ್ಲಿ ಆ ಏರಿಕೆ ಸುಮಾರು 12 ಡಿಗ್ರಿ ಮಾತ್ರ. ಇದಕ್ಕೆ ಒಳ್ಳೆಯ ಸಾಕ್ಷಿ ಕೋಲಾರದ ಚಿನ್ನದ ಗಣಿ. 2001ರಲ್ಲಿ ಮುಚ್ಚುವ ಹೊತ್ತಿಗೆ ಅಲ್ಲಿನ ಅತಿ ಆಳದ ಭಾಗ 3 ಕಿಲೋಮೀಟರನ್ನೂ ಮೀರಿತ್ತು, ಅಲ್ಲಿ ಬಂಡೆಯ ಉಷ್ಣತೆ 65 ಡಿಗ್ರಿಯ ಆಸುಪಾಸಿನಲ್ಲಿತ್ತು. ಬೇರೆ ಭೂಖಂಡ ಪ್ರದೇಶಗಳಲ್ಲಿ ಅದೇ ಆಳಕ್ಕೆ 100 ಡಿಗ್ರಿ ದಾಟುವುದು ಸಾಮಾನ್ಯ. ಕೋಲಾರದ ಮನುಷ್ಯರು ಅಷ್ಟು ಕೆಳಗೆ ಇಳಿದು ಕೆಲಸ ಮಾಡಲು ಸಾಧ್ಯವಾದದ್ದರಲ್ಲಿ ಈ ನೆಲದ ತಂಪಿನ ಪಾಲೂ ಇದೆ.

12 ಡಿಗ್ರಿ ಏರಿಕೆಯನ್ನು ಸುಮಾರು 3ರ ವಾಹಕತೆಯಿಂದ ಗುಣಿಸಿದರೆ ಒಂದು ಚದರ ಮೀಟರ್ ನೆಲದಿಂದ ಹೊರಬೀಳುವ ಬಿಸಿ ಸಿಗುತ್ತದೆ: 36 ಮಿಲಿವ್ಯಾಟ್, ಅಂದರೆ ಒಂದು ವ್ಯಾಟಿನ ಇಪ್ಪತ್ತೆಂಟರಲ್ಲಿ ಒಂದು ಪಾಲು. ತಮ್ಮ ಒಂದು ಎಕರೆ ಹೊಲವನ್ನು ಲೆಕ್ಕಕ್ಕೆ ಹಿಡಿದರೆ ಇಡೀ ಎಕರೆಯಿಂದ ಬರುವುದು 150 ವ್ಯಾಟಿನ ಆಸುಪಾಸು. ಅದು ಎರಡು ಸೀಲಿಂಗ್ ಫ್ಯಾನ್ ತಿರುಗಿಸುವಷ್ಟು. ಮೇ ತಿಂಗಳ ನಡುಮಧ್ಯಾಹ್ನ ಅದೇ ಎಕರೆಯ ಮೇಲೆ ಬೀಳುವ ಬಿಸಿಲು ಸುಮಾರು 40 ಲಕ್ಷ ವ್ಯಾಟ್. ಇವೆರಡನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದ ಮೇಲೆ ಬೇಸಿಗೆಯ ಹೊಣೆಯನ್ನು ಪಾತಾಳದ ಮೇಲೆ ಹೊರಿಸಲು ಕಾರಣ ಉಳಿಯುವುದಿಲ್ಲ.

ಹಾಗಾದರೆ ಬೋರಿನ ನೀರು ಬೆಚ್ಚಗೆ ಬರುವುದೇಕೆ? ಬಂಡೆಯೊಳಗೆ ಬಿಸಿ ಅತಿ ನಿಧಾನವಾಗಿ ಸಾಗುವುದೇ ಕಾರಣ. ಬೇಸಿಗೆಯಲ್ಲಿ ಆನೆಗೊಂದಿಯ ಸುತ್ತಿನ ಗುಂಡುಗಳ ಮೇಲೆ ಮಧ್ಯಾಹ್ನ ಕೈಯಿಡಲು ಆಗುವುದಿಲ್ಲ, ಆದರೆ ಹಗಲಿನ ಆ ಬಿಸಿ ಬಂಡೆಯೊಳಗೆ ಸುಮಾರು ಒಂದೂವರೆ ಗೇಣು ಇಳಿಯುವುದರೊಳಗೆ ಬಹುಪಾಲು ಕುಗ್ಗಿ ಹೋಗಿರುತ್ತದೆ. ಅಷ್ಟರಲ್ಲಿ ರಾತ್ರಿಯಾಗಿ ಮೇಲ್ಮೈ ತಣ್ಣಗಾಗಿ ಬಿಸಿ ಹಿಂದಿರುಗುತ್ತದೆ. ವರ್ಷದ ಬಿಸಿಲು-ಚಳಿಯ ಏರಿಳಿತಕ್ಕೆ ಹೆಚ್ಚು ಸಮಯ ಸಿಗುವುದರಿಂದ ಅದು ಇನ್ನೂ ಆಳಕ್ಕೆ ಇಳಿಯುತ್ತದೆ, ಆದರೂ ಬಂಡೆಯಲ್ಲಿ ಮೂರು ಮೀಟರ್ ದಾಟುವಾಗ ಮೂರನೇ ಒಂದು ಭಾಗಕ್ಕೆ ಸ್ವಲ್ಪ ಹೆಚ್ಚು ಉಳಿದಿರುತ್ತದೆ, ಹತ್ತು ಮೀಟರಿನಲ್ಲಿ ಹೆಚ್ಚುಕಡಿಮೆ ಅಳಿಸಿಹೋಗಿರುತ್ತದೆ. ಅಲ್ಲಿಗೆ ಅದು ತಲುಪುವುದೂ ಅರ್ಧ ವರ್ಷ ತಡವಾಗಿ: ಮೇ ತಿಂಗಳ ಬಿಸಿಯ ಅಲ್ಪ ಶೇಷ ಅಷ್ಟು ಕೆಳಗೆ ಕಾಣಿಸಿಕೊಳ್ಳುವುದು ನವೆಂಬರಿನಲ್ಲಿ. ಅದಕ್ಕಿಂತ ಕೆಳಗಿನ ಬಂಡೆಗೆ ಬೇಸಿಗೆಯೂ ಇಲ್ಲ, ಚಳಿಗಾಲವೂ ಇಲ್ಲ. ಅದು ಊರಿನ ವರ್ಷವಿಡೀ ಸರಾಸರಿಗೆ ಹತ್ತಿರದಲ್ಲಿ, 28ರಿಂದ 30 ಡಿಗ್ರಿಯಲ್ಲಿ ನೆಲೆಸಿರುತ್ತದೆ. 600 ಅಡಿ ಆಳದ ಬೋರಿನಲ್ಲಿ ಆಳದ ಕಾರಣದಿಂದ ಅದಕ್ಕೆ ಸೇರುವುದು ಕೇವಲ ಎರಡು ಡಿಗ್ರಿ. ಡಿಸೆಂಬರಿನ ಬೆಳಿಗ್ಗೆ ಹೊರಗಿನ ಗಾಳಿ 16 ಡಿಗ್ರಿಗೆ ಇಳಿದಾಗ ಆ ನೀರು ಬೆಚ್ಚಗೆ ಅನಿಸುತ್ತದೆ, ಮೇ ತಿಂಗಳಲ್ಲಿ ಅದೇ ನೀರು ತಂಪಾಗಿ ಅನಿಸುತ್ತದೆ. ನೀರು ಬದಲಾಗಿರುವುದಿಲ್ಲ.

ಗಣಿಯ ಸೆಕೆಯ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಇದನ್ನು ಗಣಿಯವರಲ್ಲಿಯೂ ಹಲವರು ಗಮನಿಸಿರುವುದಿಲ್ಲ. ಶಾಫ್ಟಿನಲ್ಲಿ ಕೆಳಗೆ ತಳ್ಳಿದ ಗಾಳಿ ತನ್ನ ಮೇಲಿನ ಗಾಳಿಯ ಭಾರಕ್ಕೆ ಸಿಕ್ಕಿ ಒತ್ತಲ್ಪಡುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಪ್ರತಿ 100 ಮೀಟರ್ ಇಳಿದಂತೆ ಸುಮಾರು ಒಂದು ಡಿಗ್ರಿ. ಅಂದರೆ ಕಿಲೋಮೀಟರಿಗೆ 10 ಡಿಗ್ರಿ. ನಮ್ಮ ಬಂಡೆಯ ಸ್ವಂತ ಏರಿಕೆಯೇ ಕಿಲೋಮೀಟರಿಗೆ 12 ಡಿಗ್ರಿಯಾಗಿರುವಾಗ ಗಾಳಿಯ ಈ ಬಿಸಿ ಅದಕ್ಕೆ ಹೆಚ್ಚುಕಡಿಮೆ ಸರಿಸಮ. ಇದರ ಜೊತೆಗೆ ಯಂತ್ರಗಳು, ಸಿಡಿತ, ಮತ್ತು ಬೆವರು ಆರಲು ಬಿಡದ ತೇವ ಸೇರಿ ತಮ್ಮ ತಂದೆಯವರು ಅನುಭವಿಸಿದ ಸೆಕೆಯಾಗುತ್ತದೆ.

ಪ್ರಶ್ನೆ: ಕೈಗೆ ಸಿಗದ ಈ ಬಿಸಿಯ ಹರಿವನ್ನು ವಿಜ್ಞಾನಿಗಳು ಅಳೆಯುವುದು ಹೇಗೆ? ನಮ್ಮ ಕಡೆಯ ಗ್ರಾನೈಟಿಗೂ ಹಟ್ಟಿಯ ಕಪ್ಪು ಕಲ್ಲಿಗೂ ಇದರಲ್ಲಿ ವ್ಯತ್ಯಾಸ ಇದೆಯೇ?
– ಕೊಪ್ಪಳದ ಭೂವಿಜ್ಞಾನ ವಿದ್ಯಾರ್ಥಿನಿ

ಉತ್ತರ: ನಮ್ಮ ದೇಶದಲ್ಲಿ ಈ ಕೆಲಸವನ್ನು ಮುಖ್ಯವಾಗಿ ಮಾಡಿಕೊಂಡು ಬಂದಿರುವುದು ಹೈದರಾಬಾದಿನಲ್ಲಿ 1961ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ. ಖನಿಜ ಶೋಧಕ್ಕಾಗಿ ಕೊರೆದ ರಂಧ್ರಗಳೇ ಅಳತೆಯ ತಾಣ. ಕೊರೆಯುವಾಗ ಹಾಯಿಸಿದ ನೀರಿನಿಂದ ಬಂಡೆಯ ಸಹಜ ಉಷ್ಣತೆ ಕದಡಿರುವುದರಿಂದ ಅದು ಮತ್ತೆ ನೆಲೆಗೊಳ್ಳುವವರೆಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯಬೇಕು. ಆಮೇಲೆ ಉದ್ದನೆಯ ಕೇಬಲ್ಲಿನ ತುದಿಗೆ ಉಷ್ಣತೆ ಅಳೆಯುವ ಪುಟ್ಟ ಸಾಧನವಾದ ಥರ್ಮಿಸ್ಟರ್ ಕಟ್ಟಿ, ರಂಧ್ರದ ನೀರು ಅಲುಗದಂತೆ ನಿಧಾನವಾಗಿ ಇಳಿಸುತ್ತ, ಕೆಲವು ಮೀಟರಿಗೊಮ್ಮೆ ನಿಲ್ಲಿಸಿ ಉಷ್ಣತೆಯನ್ನು ಬರೆದುಕೊಳ್ಳುತ್ತಾರೆ. ನಮ್ಮ ನೆಲದಲ್ಲಿ ಹತ್ತು ಮೀಟರಿಗೆ ಆಗುವ ವ್ಯತ್ಯಾಸ ಒಂದು ಡಿಗ್ರಿಯ ಎಂಟನೇ ಒಂದು ಪಾಲಿನಷ್ಟೇ ಆದ್ದರಿಂದ ಡಿಗ್ರಿಯ ನೂರನೇ ಭಾಗವನ್ನಾದರೂ ಗುರುತಿಸದ ಉಪಕರಣ ಇಲ್ಲಿ ಕೆಲಸಕ್ಕೆ ಬಾರದು.

ಇನ್ನೊಂದು ಅರ್ಧ ಪ್ರಯೋಗಾಲಯದಲ್ಲಿ ನಡೆಯುತ್ತದೆ. ರಂಧ್ರದಿಂದ ತೆಗೆದ ಉರುಳೆಯಾಕಾರದ ಕಲ್ಲಿನ ಕೋರನ್ನು ಒಂದೆರಡು ಸೆಂಟಿಮೀಟರ್ ದಪ್ಪದ ಬಿಲ್ಲೆಗಳಾಗಿ ಕತ್ತರಿಸಿ, ಎರಡೂ ಮುಖಗಳನ್ನು ಕನ್ನಡಿಯಷ್ಟು ಸಮತಟ್ಟಾಗಿ ಉಜ್ಜುತ್ತಾರೆ. ಕಣ್ಣಿಗೆ ಕಾಣದ ಸಂದುಗಳಲ್ಲಿ ಗಾಳಿ ಉಳಿದರೆ ವಾಹಕತೆ ಇರುವುದಕ್ಕಿಂತ ಕಡಿಮೆ ತೋರುತ್ತದೆ. ನೆಲದಡಿಯಲ್ಲಿ ಆ ಸಂದುಗಳಲ್ಲಿ ನೀರಿರುತ್ತದೆಯೇ ಹೊರತು ಗಾಳಿಯಲ್ಲ. ಆದ್ದರಿಂದ ಗಾಳಿಯನ್ನು ಹೀರಿ ತೆಗೆದು ಬಿಲ್ಲೆಗೆ ನೀರು ಕುಡಿಸುತ್ತಾರೆ. ವಾಹಕತೆ ಮೊದಲೇ ಗೊತ್ತಿರುವ ಎರಡು ತುಂಡುಗಳ ನಡುವೆ ಅದನ್ನು ಇಟ್ಟು ಬಿಗಿಯಾಗಿ ಒತ್ತಿ, ಒಂದು ತುದಿಯನ್ನು ಬಿಸಿಯಾಗಿಯೂ ಇನ್ನೊಂದನ್ನು ತಣ್ಣಗೂ ಕಾಯ್ದುಕೊಂಡಾಗ ಪ್ರತಿ ತುಂಡಿನಲ್ಲಿ ಉಷ್ಣತೆ ಎಷ್ಟು ಇಳಿಯುತ್ತದೆ ಎಂಬ ಹೋಲಿಕೆಯಿಂದ ಕಲ್ಲಿನ ವಾಹಕತೆ ದೊರೆಯುತ್ತದೆ. ರಂಧ್ರದ ಏರಿಕೆ, ಬಿಲ್ಲೆಯ ವಾಹಕತೆ ಎರಡನ್ನೂ ಗುಣಿಸಿದರೆ ಆ ಊರಿನ ನೆಲ ಹೊರಬಿಡುವ ಬಿಸಿ. ಅಳತೆಯಲ್ಲಿ ಇಷ್ಟು ತಾಳ್ಮೆ ಬೇಡುವ ಭೂವಿಜ್ಞಾನದ ಕೆಲಸ ಅಪರೂಪ. ತಾವು ಮುಂದೆ ಈ ದಾರಿ ಹಿಡಿದರೆ ನನಗೆ ಬಹಳ ಸಂತೋಷ.

ಗ್ರಾನೈಟಿಗೂ ಹಟ್ಟಿಯ ಕಲ್ಲಿಗೂ ವ್ಯತ್ಯಾಸ ಖಂಡಿತ ಇದೆ, ಆದರೆ ಅದು ಸಾಗಾಟಕ್ಕಿಂತ ಹೆಚ್ಚಾಗಿ ಉತ್ಪಾದನೆಯಲ್ಲಿದೆ. ಬಂಡೆಗಳು ಕೆಳಗಿನಿಂದ ಬಂದ ಬಿಸಿಯನ್ನು ದಾಟಿಸುವುದಲ್ಲದೆ ತಾವೂ ಬಿಸಿ ಹುಟ್ಟಿಸುತ್ತವೆ. ಒಂದು ಟನ್ ಗ್ರಾನೈಟಿನಲ್ಲಿ ಸರಾಸರಿ ನಾಲ್ಕು ಗ್ರಾಂ ಯುರೇನಿಯಂ, ಹದಿನೈದು ಗ್ರಾಮಿನಷ್ಟು ಥೋರಿಯಂ, ಮೂವತ್ತು-ನಲವತ್ತು ಕಿಲೋಗ್ರಾಂ ಪೊಟ್ಯಾಸಿಯಂ ಇರುತ್ತವೆ. ಪೊಟ್ಯಾಸಿಯಂನಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಂದು ಪರಮಾಣು ವಿಕಿರಣಶೀಲ. ಇವು ಒಡೆಯುವಾಗ ಹೊಮ್ಮುವ ಶಕ್ತಿ ಒಂದು ಘನ ಕಿಲೋಮೀಟರ್ ಗ್ರಾನೈಟಿನಿಂದ ಎರಡೂವರೆ ಕಿಲೋವ್ಯಾಟಿನ ಆಸುಪಾಸು. ಹಟ್ಟಿಯ ಕಪ್ಪು ಕಲ್ಲು ಮೂಲದಲ್ಲಿ ಬಸಾಲ್ಟ್ ಜಾತಿಯ ಲಾವಾ. ಅದರಲ್ಲಿ ಈ ಮೂಲವಸ್ತುಗಳು ತೀರ ಕಡಿಮೆ, ಉತ್ಪಾದನೆ ಗ್ರಾನೈಟಿನ ಹತ್ತನೇ ಒಂದು ಭಾಗದಷ್ಟು.

ರಾಮನಗರದ ಕಡೆಯಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ಹಬ್ಬಿರುವ ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿ ತಮ್ಮ ಭಾಗಕ್ಕೂ ಬರುತ್ತದೆ. ಅದು ಕರಗಿದ ಸ್ಥಿತಿಯಿಂದ ಗಟ್ಟಿಯಾದದ್ದು ಸುಮಾರು 250 ಕೋಟಿ ವರ್ಷಗಳ ಹಿಂದೆ. ಅಂದಿನ ಬೆಂಕಿಯೇ ಇನ್ನೂ ಒಳಗೆ ಉಳಿದಿದೆ ಎಂದು ಕೆಲವರು ಭಾವಿಸುತ್ತಾರೆ. ಹಾಗಿಲ್ಲ. ಇಪ್ಪತ್ತು ಕಿಲೋಮೀಟರ್ ಅಗಲದ ಬಂಡೆ ವಹನದಿಂದ ತಣಿಯಲು ಕೆಲವು ದಶಲಕ್ಷ ವರ್ಷಗಳು ಸಾಕು. ಆ ಬೆಂಕಿ ಆರಿ ಯುಗಗಳೇ ಕಳೆದಿವೆ. ಈಗ ಆ ಬಂಡೆಯಲ್ಲಿರುವುದು ಅದು ದಿನದಿನವೂ ಹೊಸದಾಗಿ ಹುಟ್ಟಿಸುವ ಬಿಸಿ ಮತ್ತು ಕೆಳಗಿನಿಂದ ಏರಿ ಬರುವ ಬಿಸಿ. ಇವೆರಡರ ಪಾಲು ಹೇಗಿದೆ ಎಂದರೆ, ಧಾರವಾಡ ಪ್ರದೇಶದ ಕೆಳಗಿನ ಮ್ಯಾಂಟಲ್‌ನಿಂದ (ಭೂಮಿಯ ಹೊರಚಿಪ್ಪಾದ ಭೂಕವಚದ ಅಡಿಯಲ್ಲಿರುವ ದಪ್ಪ ಶಿಲಾಪದರದಿಂದ) ಚದರ ಮೀಟರಿಗೆ ಬರುವುದು 10ರಿಂದ 20 ಮಿಲಿವ್ಯಾಟ್. ಮೇಲೆ ಅಳೆದ 36ರಲ್ಲಿ ಅರ್ಧದಷ್ಟನ್ನು, ಅಥವಾ ಅದಕ್ಕೂ ಹೆಚ್ಚನ್ನು ಭೂಕವಚವೇ ಸೇರಿಸುತ್ತದೆ.

ರಂಧ್ರಗಳ ಮೇಲಿನ ನೂರು-ನೂರೈವತ್ತು ಮೀಟರಿನ ಅಳತೆಗಳನ್ನು ಈ ಲೆಕ್ಕದಲ್ಲಿ ಬಿಟ್ಟುಬಿಡಬೇಕಾಗುತ್ತದೆ, ಏಕೆಂದರೆ ಕಳೆದ ಒಂದೂವರೆ ಶತಮಾನದಲ್ಲಿ ನೆಲದ ಮೇಲ್ಮೈ ಬೆಚ್ಚಗಾದದ್ದು ಅಷ್ಟು ಆಳದವರೆಗೆ ಇಳಿದು, ಆಳಕ್ಕೆ ತಕ್ಕಂತೆ ಉಷ್ಣತೆ ಏರುವುದನ್ನು ತೋರಿಸುವ ನಕ್ಷೆಯ ಗೆರೆಯನ್ನು ಬಾಗಿಸಿದೆ. ಭಾರತದ ಹಲವು ರಂಧ್ರಗಳಲ್ಲಿ ಈ ಬಾಗನ್ನು ಓದಿ, ಥರ್ಮಾಮೀಟರಿನ ದಾಖಲೆ ಇಲ್ಲದ ಕಡೆಯಲ್ಲೂ ಹವಾಮಾನದ ಏರಿಕೆಯನ್ನು ಅಂದಾಜು ಮಾಡಲಾಗಿದೆ. ಆಳದ ಬಿಸಿಯನ್ನು ಹುಡುಕುವವರಿಗೆ ತೊಡಕಾದ ಭಾಗವೇ ಹವಾಮಾನ ತಜ್ಞರಿಗೆ ಬೇಕಾದ ಭಾಗವಾಗಿದೆ.

ಪ್ರಶ್ನೆ: ಭೂಮಿ ನಿರಂತರವಾಗಿ ಬಿಸಿ ಕಳೆದುಕೊಳ್ಳುತ್ತಿದ್ದರೆ ಇಷ್ಟು ಕೋಟಿ ವರ್ಷಗಳಲ್ಲಿ ಪೂರ್ತಿ ತಣ್ಣಗಾಗಬೇಕಿತ್ತಲ್ಲವೇ ಎಂದು ತರಗತಿಯಲ್ಲಿ ಮಕ್ಕಳು ಕೇಳಿದರು. ಏನು ಹೇಳಲಿ?
– ಸಿಂಧನೂರಿನ ಪ್ರೌಢಶಾಲಾ ಶಿಕ್ಷಕರು

ಉತ್ತರ: ಮಕ್ಕಳು ಕೇಳಿದ ಪ್ರಶ್ನೆಯನ್ನೇ 1862ರಲ್ಲಿ ವಿಲಿಯಂ ಥಾಮ್ಸನ್ ತಿರುಗಿಸಿ ಕೇಳಿದ್ದರು, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವರು ಅವರೇ. ಕರಗಿದ ಗೋಳವಾಗಿ ಹುಟ್ಟಿದ ಭೂಮಿ ಕೇವಲ ವಹನದಿಂದ ತಣಿಯುತ್ತಿದೆ ಎಂದು ಇಟ್ಟುಕೊಂಡು, ಇಂದು ಗಣಿಗಳಲ್ಲಿ ಕಾಣುವ ಏರಿಕೆಗೆ ಬರಲು ಎಷ್ಟು ಕಾಲ ಬೇಕು ಎಂದು ಅವರು ಫೂರಿಯೆಯ ಗಣಿತದಿಂದ ಲೆಕ್ಕ ಹಾಕಿದರು. ಬಂದ ಉತ್ತರ 9.8 ಕೋಟಿ ವರ್ಷ. ಅನಿಶ್ಚಯಗಳನ್ನು ಸೇರಿಸಿ 2 ಕೋಟಿಯಿಂದ 40 ಕೋಟಿಯೊಳಗೆ ಎಂದರು. ಭೂಮಿಯ ನಿಜವಾದ ವಯಸ್ಸು 454 ಕೋಟಿ ವರ್ಷ.

ಲೆಕ್ಕ ತಪ್ಪಿದ್ದೆಲ್ಲಿ? ಆಗ ವಿಕಿರಣಶೀಲತೆ ಗೊತ್ತಿರಲಿಲ್ಲ, ಅದು ಬಯಲಾದದ್ದು 1896ರಲ್ಲಿ, ಆದ್ದರಿಂದ ಲೆಕ್ಕ ತಪ್ಪಿತು ಎಂದು ಸಾಮಾನ್ಯವಾಗಿ ಬರೆಯುತ್ತಾರೆ. ಇದು ಅರ್ಧ ಸತ್ಯ. ದೊಡ್ಡ ಕೊರತೆಯನ್ನು ಅದಕ್ಕೂ ಮುಂಚೆಯೇ, 1895ರಲ್ಲಿ, ಹಿಂದೆ ಕೆಲ್ವಿನ್ನರ ಬಳಿ ಸಹಾಯಕರಾಗಿದ್ದ ಜಾನ್ ಪೆರಿ ಎಂಬವರು ತೋರಿಸಿಕೊಟ್ಟಿದ್ದರು: ಭೂಮಿಯ ಒಳಭಾಗ ಬಿಸಿಯನ್ನು ಹೊರಚಿಪ್ಪಿಗಿಂತ ಸರಾಗವಾಗಿ ಸಾಗಿಸುವುದಾದರೆ ಕಾಲದ ಲೆಕ್ಕ ಹಲವು ಪಟ್ಟು ಹಿಗ್ಗುತ್ತದೆ ಎಂಬುದು ಅವರ ವಾದ. ಪೆರಿಯವರ ಮಾತಿಗೆ ಸಿಗಬೇಕಾದ ಮನ್ನಣೆ ಶಾಲಾ ಪಾಠಗಳಲ್ಲಿ ಇಂದಿಗೂ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಅವರು ಹೇಳಿದ್ದು ಏಕೆ ಮುಖ್ಯವೆಂದರೆ, ವಹನ ಒಂದರಿಂದಲೇ ತಣಿಯುವುದಾದರೆ ಭೂಮಿಯ ಇಡೀ ಆಯುಷ್ಯದಲ್ಲಿ ಆ ತಣಿವು ನಾಲ್ಕುನೂರು ಕಿಲೋಮೀಟರಿನ ಆಸುಪಾಸಿಗಷ್ಟೇ ಮುಟ್ಟುತ್ತಿತ್ತು. ಭೂಮಿಯ ತ್ರಿಜ್ಯ 6,371 ಕಿಲೋಮೀಟರ್. ದೂರ ಎರಡು ಪಟ್ಟಾದರೆ ವಹನಕ್ಕೆ ಬೇಕಾಗುವ ಕಾಲ ನಾಲ್ಕು ಪಟ್ಟಾಗುತ್ತದೆ, ಹತ್ತು ಪಟ್ಟಾದರೆ ನೂರು ಪಟ್ಟು. ಮೇಲ್ಮೈಯ ಬಿಸಿಯ ಅಲ್ಪ ಶೇಷವಲ್ಲ, ದೊಡ್ಡ ಪಾಲೇ ಮುಟ್ಟಬೇಕಾದರೆ ಹತ್ತು ಮೀಟರಿಗೆ ಮೂರು ವರ್ಷ, ಒಂದು ಕಿಲೋಮೀಟರಿಗೆ ಮೂವತ್ತು ಸಾವಿರ ವರ್ಷ, ನೂರು ಕಿಲೋಮೀಟರಿಗೆ ಮೂವತ್ತು ಕೋಟಿ ವರ್ಷ. ಇದನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದರೆ ಮಕ್ಕಳಿಗೆ ಬಂಡೆಯ ನಿಧಾನ ಮನದಟ್ಟಾಗುತ್ತದೆ.

ನಿಜವಾಗಿ ನಡೆಯುವುದು ಹೀಗೆ. ಮೇಲಿನ ಭೂಕವಚ ಮತ್ತು ಮ್ಯಾಂಟಲ್‌ನ ಮೇಲುಭಾಗ ಸೇರಿ ಶಿಲಾಗೋಳ ಎನಿಸುವ ಗಟ್ಟಿ ಪದರವಿದೆ. ಅದರ ತಳದಲ್ಲಿ ಉಷ್ಣತೆ 1,300 ಡಿಗ್ರಿಯ ಸುಮಾರು. ಅದರ ಕೆಳಗಿನ ಮ್ಯಾಂಟಲ್ ಘನವಾಗಿದ್ದರೂ ಅಷ್ಟು ಬಿಸಿಯಲ್ಲಿ ವರ್ಷಕ್ಕೆ ಕೆಲವು ಸೆಂಟಿಮೀಟರ್ ಗತಿಯಲ್ಲಿ ಹರಿಯಬಲ್ಲದು. ಬಿಸಿ ಬಂಡೆ ಮೇಲೇರುತ್ತದೆ, ತಣಿದದ್ದು ಕೆಳಗಿಳಿಯುತ್ತದೆ. ಈ ಸಂವಹನವು ಆಳದ ಬಿಸಿಯನ್ನು ವಹನಕ್ಕಿಂತ ಬಹಳ ಬೇಗ ಮೇಲಕ್ಕೆ ತಂದು ಶಿಲಾಗೋಳದ ತಳಕ್ಕೆ ಮುಟ್ಟಿಸುತ್ತದೆ. ಅಲ್ಲಿಂದ ಮೇಲೆ, ಜ್ವಾಲಾಮುಖಿಗಳನ್ನೂ ಸಾಗರದ ನಡುಏಣುಗಳನ್ನೂ ಬಿಟ್ಟರೆ, ವಹನವೊಂದೇ ದಾರಿ. ಹೀಗಾಗಿ ಕೆಳಗಿನ ದಾಸ್ತಾನು ಮೇಲಿನ ಏರಿಕೆಯನ್ನು ಕುಗ್ಗಲು ಬಿಡದೆ ಕಾಯ್ದುಕೊಳ್ಳುತ್ತದೆ. ಇಡೀ ಭೂಮಿ ಹೊರಬಿಡುವ ಬಿಸಿ ಸುಮಾರು 4,700 ಕೋಟಿ ಕಿಲೋವ್ಯಾಟ್. ಅದರಲ್ಲಿ ಹೆಚ್ಚುಕಡಿಮೆ ಅರ್ಧ ವಿಕಿರಣಶೀಲ ಮೂಲವಸ್ತುಗಳಿಂದ ಹುಟ್ಟುತ್ತದೆ, ಉಳಿದದ್ದು ಹುಟ್ಟಿನ ಕಾಲದ ಬಿಸಿಯ ಕರಗುವಿಕೆ. ಥೋರಿಯಂ ಅರ್ಧವಾಗಲು 1,400 ಕೋಟಿ ವರ್ಷ ಬೇಕು. ಮಕ್ಕಳಿಗೆ ಇದನ್ನೂ ಹೇಳಬಹುದು.

ನಮ್ಮ ನೆಲದಲ್ಲಿ ಭೂಕವಚದ ದಪ್ಪ ಸುಮಾರು 35 ಕಿಲೋಮೀಟರ್. ಕಿಲೋಮೀಟರಿಗೆ 12 ಡಿಗ್ರಿಯಂತೆ ಗುಣಿಸಿ, ಮೇಲ್ಮೈಯ 30 ಡಿಗ್ರಿಯನ್ನು ಕೂಡಿಸಿದರೆ ಅದರ ತಳದಲ್ಲಿ 450 ಡಿಗ್ರಿ ಬರಬೇಕು ಎಂದು ಜಾಣ ವಿದ್ಯಾರ್ಥಿ ಹೇಳಬಹುದು. ಆದರೆ ಬಿಸಿ ಹುಟ್ಟಿಸುವ ಮೂಲವಸ್ತುಗಳು ಭೂಕವಚದ ಮೇಲುಭಾಗದಲ್ಲೇ ಹೆಚ್ಚಾಗಿ ಕೂಡಿಕೊಂಡಿರುವುದರಿಂದ ಕೆಳಕ್ಕೆ ಹೋದಂತೆ ಹರಿವೂ ಏರಿಕೆಯ ವೇಗವೂ ಕಡಿಮೆಯಾಗುತ್ತವೆ. ತಜ್ಞರ ಲೆಕ್ಕದಲ್ಲಿ ಧಾರವಾಡ ಪ್ರದೇಶದ ಭೂಕವಚದ ತಳ 300ರಿಂದ 400 ಡಿಗ್ರಿಯ ಸುಮಾರಿನಲ್ಲಿದೆ. ಬಂಡೆ ಮೆತ್ತಗಾಗಿ ಹರಿಯಲು ಇದು ಸಾಲದು. ಇಷ್ಟು ಪ್ರಾಚೀನ ನೆಲ ಮುರಿಯದೆ, ಕರಗದೆ ಉಳಿದು ಬಂದಿರುವುದಕ್ಕೆ ಈ ತಂಪು ಮುಖ್ಯ ಕಾರಣ.

ಪ್ರಶ್ನೆ: ನಮ್ಮಲ್ಲಿ ರೈಸ್ ಮಿಲ್ಲುಗಳು ಬಹಳ. ಸ್ಟೀಮ್ ರೈಸ್ ಮಾಡಲು ಭತ್ತದ ಹೊಟ್ಟನ್ನು ಉರಿಸುತ್ತಾರೆ. ಅದರ ಬದಲು ನೆಲದ ಬಿಸಿಯನ್ನೇ ಬಳಸಿಕೊಳ್ಳಬಹುದೇ?
– ಗಂಗಾವತಿಯ ಓದುಗರು

ಉತ್ತರ: ಗಂಗಾವತಿಯಲ್ಲಿ ಅದು ಲಾಭದ ಕೆಲಸವಲ್ಲ. ನೀರು ಕುದಿಯುವಷ್ಟು ಬಿಸಿ ಸಿಗಬೇಕಾದರೆ, 30 ಡಿಗ್ರಿಯಿಂದ ಆರಂಭಿಸಿ ಕಿಲೋಮೀಟರಿಗೆ 12ರಂತೆ ಎಣಿಸಿದಾಗ ಸುಮಾರು 6 ಕಿಲೋಮೀಟರ್ ಕೊರೆಯಬೇಕು. ವಿದ್ಯುತ್ತಿಗೆ ಬೇಕಾದ 150 ಡಿಗ್ರಿಗೆ 10 ಕಿಲೋಮೀಟರ್. ಮನುಷ್ಯ ಕೊರೆದ ಅತಿ ಆಳದ ರಂಧ್ರ ರಷ್ಯಾದ ಕೋಲಾದಲ್ಲಿದೆ, ಆಳ 12,262 ಮೀಟರ್. ಅದೂ ನಮ್ಮಂತೆಯೇ ಪ್ರಾಚೀನ ಶಿಲೆಯ ನೆಲ. ಅಲ್ಲಿ ತಳದ ಉಷ್ಣತೆ 180 ಡಿಗ್ರಿ ಮುಟ್ಟಿದಾಗ ಕೊರೆತವನ್ನು ಮುಂದುವರಿಸಲು ಆಗಲಿಲ್ಲ. ಲಡಾಖಿನ ಪುಗಾದಂತಹ ಕಡೆಗಳಲ್ಲಿ ಬಿರುಕುಗಳ ಮೂಲಕ ನೀರೇ ಆಳದ ಬಿಸಿಯನ್ನು ಮೇಲಕ್ಕೆ ತರುವುದರಿಂದ ಅಲ್ಲಿನ ಮಾತು ಬೇರೆ.

ಕೊರೆಯುವ ಖರ್ಚನ್ನು ಯಾರಾದರೂ ಭರಿಸಿದರೂ ಇನ್ನೊಂದು ಮಿತಿ ಉಳಿಯುತ್ತದೆ. ಬಂಡೆಯಿಂದ ಒಮ್ಮೆ ಹೀರಿದ ಬಿಸಿಯನ್ನು ವಹನ ಮತ್ತೆ ತುಂಬಿಕೊಡಬೇಕು. ಚದರ ಮೀಟರಿಗೆ 36 ಮಿಲಿವ್ಯಾಟ್ ಹರಿಯುವ ನೆಲದಲ್ಲಿ ಒಂದೇ ಒಂದು ಕಿಲೋವ್ಯಾಟ್ ಬಿಸಿಯನ್ನು ಸದಾಕಾಲ ತುಂಬಿಕೊಡಲು ಸುಮಾರು ಏಳು ಎಕರೆ ನೆಲದ ಹರಿವೆಲ್ಲ ಬೇಕು, ಮಿಲ್ಲಿನ ಒಂದು ಬಾಯ್ಲರಿಗೆ ಬೇಕಾಗುವುದು ನೂರಾರು ಕಿಲೋವ್ಯಾಟ್. ಹೊಟ್ಟು ಪ್ರತಿ ಬೆಳೆಯೊಂದಿಗೆ ಮಿಲ್ಲಿನ ಅಂಗಳಕ್ಕೇ ಬಂದು ಬೀಳುತ್ತದೆ. ಅದನ್ನು ಹೊಗೆ ಕಡಿಮೆಯಾಗುವಂತೆ ಪೂರ್ತಿ ಉರಿಸುವ ಒಳ್ಳೆಯ ಒಲೆ, ಬಾಯ್ಲರುಗಳಿಗೆ ಹಣ ಹಾಕುವುದು ಮಿಲ್ಲಿನವರಿಗೂ ಸುತ್ತಲಿನ ಊರಿನವರಿಗೂ ಹೆಚ್ಚು ಅನುಕೂಲ.